ಹೆಚ್ಚಾದ ಒಂದು ಕಾಳು

ಇನ್ನೊಬ್ಬರ ಮನೆಗೆ ಹೋಗಿ ಕೂತು, ಅವರ ಉಪ್ಪು ಹುಳಿ ಖಾರದ ವಿಚಾರವನ್ನೆಲ್ಲ ಕೇಳಿಕೊಂಡು ಬರುವುದೇ ನನ್ನ ಕಸುಬಾಗಿತ್ತು. ಅದಕ್ಕೆ ಸಮಾಜ ವಿಜ್ಞಾನದ ಸಂಶೋಧನೆ ಎಂಬ ಗಂಭೀರವಾದ ಹೆಸರಿದೆ. ನನ್ನ ಸೋದರತ್ತೆ ಮಾತ್ರ ಬದುಕಿರುವ ತನಕ ಅದನ್ನು ‘ಪಗಾರ ತಗೊಂಡು ಮಾಡೋ ಊರ ಉಸಾಬರಿ’ ಎಂದೇ ಕರೆದರು. ಮಾತು ಸರಿಯಾಗಿಯೇ ಇತ್ತು. ಆದರೆ ಅವರೆದುರು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ಧಾರವಾಡದಿಂದ ಒಂದು ಅಧ್ಯಯನಕ್ಕೆಂದು ಗೋವಾಕ್ಕೆ ಬಂದವಳು ಇಲ್ಲೇ ಉಳಿದುಬಿಟ್ಟೆ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಸರ್ಕಾರದಿಂದಲೋ ಧರ್ಮದತ್ತಿಯಿಂದಲೋ ಬಡವರಿಗೆಂದು ಬಂದದ್ದು ನಿಜವಾಗಿಯೂ ಬಡವರಿಗೇ ಸೇರುತ್ತದೆಯೇ, ಸೇರದಿದ್ದರೆ ನಡುವೆ ಎಲ್ಲಿ ಸೋರುತ್ತದೆ, ಯಾರಿಗೆ ಮೊದಲು ಸಿಗಬೇಕು, ಇಂಥ ಪ್ರಶ್ನೆಗಳೇ ನನ್ನ ಪಾಲಿಗೆ ಬಂದವು. ಡಿಚೋಲಿಯಲ್ಲಿ ಗಣಿಗಳು ನಿಂತು ಲಾರಿಗಳು ಬಯಲಿನಲ್ಲಿ ತುಕ್ಕು ಹಿಡಿಯುತ್ತಿದ್ದಾಗ ಅಲ್ಲಿಯ ಕೂಲಿಗಳ ನಡುವೆ ಓಡಾಡಿದೆ. ನಿಮ್ಮಲ್ಲಿ ಎಲ್ಲರಿಗಿಂತ ಬಡವ ಯಾರು ಎಂದು ಗಂಡಸರನ್ನು ಕೇಳಿದರೆ ಅವರು ಒಕ್ಕೊರಲಿನಿಂದ ಲಾರಿ ಮಾಲೀಕನ ಕಡೆ ಬೆರಳು ತೋರಿಸಿದರು. ನಮಗೆ ಕೂಲಿ ಹೋಯಿತು, ಅವನಿಗೆ ಕೂಲಿಯೂ ಹೋಗಿ ಲಾರಿ ಸಾಲ ಕೇಳಲು ಬ್ಯಾಂಕೂ ಬಂತು ಎಂದು ಅವರ ವಾದ. ಮಾಲೀಕ ಪಕ್ಕದಲ್ಲೇ ನಿಂತಿದ್ದ, ಹೌದು ಹೌದು ಎಂದು ತಲೆ ಆಡಿಸಿದ. ಆವತ್ತು ನಾನೂ ಅವರ ಜೊತೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ಸಂಜೆಯ ಬಸ್ಸು ಹಿಡಿದು ಫೋಂಡಾಕ್ಕೆ ಬಂದೆ, ಆ ನಗೆಯನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಫೋಂಡಾದಲ್ಲಿ ನಾನಿರುವುದು ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಬಾಡಿಗೆ ಮನೆಯಲ್ಲಿ. ಕೆಳಗೆ ಬೆಳಗಿನಿಂದ ಕಬ್ಬಿಣ ಕತ್ತರಿಸುವ ಸದ್ದು. ಮನೆಯ ಒಡತಿ ಒಳ್ಳೆಯವರು, ಚವತಿ ಹಬ್ಬಕ್ಕೆ ತಟ್ಟೆ ತುಂಬ ನೆವರ್ಯೊ ಎಂಬ ಕರಿಗಡಬು ಕಳಿಸುತ್ತಾರೆ, ನಾನು ತಟ್ಟೆಗೆ ಸಕ್ಕರೆ ಹಾಕಿ ವಾಪಸು ಕೊಡುತ್ತೇನೆ. ಮೆಟ್ಟಿಲ ಮೇಲೆ ಸಿಕ್ಕಾಗ ‘ಜೆವಣ್ ಜಾಲೆಂ?’ ಎಂದು ಊಟದ ವಿಚಾರ ಕೇಳುತ್ತಾರೆ. ಒಲೆ ಹಚ್ಚದ ದಿನವೂ ನಾನು ಆಯಿತು ಎಂದೇ ಹೇಳುತ್ತೇನೆ. ಇಷ್ಟು ವರ್ಷದಲ್ಲಿ ನಮ್ಮ ನಡುವೆ ಅದಕ್ಕಿಂತ ಉದ್ದನೆಯ ಮಾತು ನಡೆದದ್ದು ಕಡಿಮೆ. ತಮ್ಮನೊಬ್ಬ ದೂರದೂರಿನಲ್ಲಿದ್ದಾನೆ, ಹಬ್ಬಕ್ಕೆ ಫೋನು ಮಾಡುತ್ತಾನೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡಿದ್ದಾರೆ, ನನಗೆ ಅಷ್ಟು ವಯಸ್ಸಾಗಿದೆ.

ಕನ್ನಡ ನನ್ನ ಬಾಯಿಗೆ ಬರುತ್ತಿದ್ದದ್ದು ಕೆಲಸದ ದಿನಗಳಲ್ಲಿ ಮಾತ್ರ. ಗೋವಾದಲ್ಲಿ ಮಣ್ಣು ಹೊರುವವರು, ಬಂದರಿನಲ್ಲಿ ಚೀಲ ಎತ್ತುವವರು, ಬೀಚಿನಲ್ಲಿ ಮಣಿಸರ ಮಾರುವವರು ಬಹುಪಾಲು ನಮ್ಮ ಕಡೆಯವರೇ. ವಿಜಯಪುರ, ಬಾಗಲಕೋಟೆ, ಗದಗಿನ ಮಾತು ಕೇಳಬೇಕಾದರೆ ಅವರ ಜೋಪಡಿಗಳಿಗೇ ಹೋಗಬೇಕು. ನಾನು ಹೋಗುತ್ತಿದ್ದೆ, ಹೋಗುವುದಕ್ಕೆ ನನ್ನ ಕೈಯಲ್ಲಿ ಒಂದು ಕಾರಣವಿರುತ್ತಿತ್ತು. ನಿವೃತ್ತಿ ಹತ್ತಿರ ಬಂದಂತೆ ನನ್ನನ್ನು ಹಿಡಿದದ್ದು ಒಂದೇ ಭಯ. ಕೆಲಸ ಮುಗಿದ ಮರುದಿನದಿಂದ ಯಾರ ಮನೆಯ ಹೊಸಿಲು ತುಳಿಯುವುದಕ್ಕೂ ನನಗೆ ಕಾರಣ ಇರುವುದಿಲ್ಲ. ಪಿಂಚಣಿ ಬರುತ್ತದೆ, ಕಾಲುಗಳು ಗಟ್ಟಿಯಾಗಿವೆ, ಹೋಗಲು ಮನೆಯೇ ಇಲ್ಲ. ಈ ಭಯವನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳುವಂಥವರು ಇದ್ದಿದ್ದರೆ ಭಯವೇ ಇರುತ್ತಿರಲಿಲ್ಲ.

ಕೊನೆಯ ಅಧ್ಯಯನ ಕೊರ್ತಾಲಿಮ್‌ನಲ್ಲಿ ಸಿಕ್ಕಿತು. ಝುವಾರಿ ಸೇತುವೆಯ ಈಚೆ, ಹೊಳೆಗೆ ಇಳಿಯುವ ಇಳಿಜಾರಿನಲ್ಲಿ ಕಟ್ಟಡ ಕೆಲಸದವರ ಒಂದು ವಸತಿ. ಕೆಂಪು ಜಂಬಿಟ್ಟಿಗೆಯ ಮೊಣಕಾಲೆತ್ತರದ ಗೋಡೆ, ಅದರ ಮೇಲೆ ಪ್ಲೈವುಡ್, ಅದರ ಮೇಲೆ ನೀಲಿ ತಾಡಪತ್ರಿ. ಮಳೆಗಾಲದಲ್ಲಿ ಒಳಗೂ ಹೊರಗೂ ವ್ಯತ್ಯಾಸವಿಲ್ಲ. ಒಂದು ದತ್ತಿ ಸಂಸ್ಥೆ ಅಲ್ಲಿಯ ಮನೆಗಳಿಗೆ ತಗಡಿನ ಗಟ್ಟಿ ಚಾವಣಿ ಹಾಕಿಸಲು ಮುಂದೆ ಬಂದಿತ್ತು. ಆದರೆ ಒಂದೇ ಸಲಕ್ಕೆ ಎಲ್ಲ ಮನೆಗಳಿಗೂ ಹಣ ಸಾಲದು, ಮೊದಲು ಯಾರಿಗೆ ಎಂಬುದನ್ನು ನ್ಯಾಯವಾಗಿ ನಿರ್ಧರಿಸಬೇಕು. ಅದಕ್ಕೆ ನಮ್ಮ ಸಂಶೋಧನಾ ಸಂಸ್ಥೆಯವರು ನನ್ನನ್ನು ಕಳಿಸಿದ್ದರು. ವರ್ಷದ ಮೇಲೆ ಆ ವಸತಿಗೆ ಹೋಗಿ ಬಂದು ಮಾಡಿದೆ.

ಹೋದವಳನ್ನು ಮೊದಲ ದಿನ ಹಿಡಿದು ನಿಲ್ಲಿಸಿದವಳು ಸಾರ್ವಜನಿಕ ನಲ್ಲಿಯ ಎದುರಿನ ಮನೆಯವಳು. ಗಾರೆ ಹೊರುವ ಕೆಲಸದವಳು, ಗಟ್ಟಿ ಬಾಯಿ. ನೀರು ಬಂದರೆ ಸಾಲು ಹಚ್ಚುವವಳೂ ಅವಳೇ, ಜಗಳ ಬಿಡಿಸುವವಳೂ ಅವಳೇ, ಅರ್ಧ ಜಗಳ ಹಚ್ಚುವವಳೂ ಅವಳೇ. ನನಗೆ ‘ಬಾಯಾರು’ ಎಂದು ಹೆಸರಿಟ್ಟವಳು ಅವಳು. ನಮ್ಮ ಕಡೆ ಶಾಲೆಯ ಹೆಣ್ಣು ಮೇಷ್ಟ್ರಿಗೆ ಹಾಗೆನ್ನುತ್ತಾರೆ. ನಾನು ಪಾಠ ಹೇಳಲು ಬಂದವಳಲ್ಲ ಎಂದರೆ, ಪ್ರಶ್ನೆ ಕೇಳುವವರೆಲ್ಲ ಬಾಯಾರೇ ಎಂದಳು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಯಾರು ಬಡವರು ಎಂದು ಹೊರಗಿನವರು ತೀರ್ಮಾನಿಸಬಾರದು, ಅಲ್ಲಿದ್ದವರೇ ತೀರ್ಮಾನಿಸಬೇಕು. ನೆಲದ ಮೇಲೆ ರಂಗೋಲಿಯಿಂದ ಮೂರು ವೃತ್ತ ಬರೆಯುತ್ತೇವೆ. ಒಂದು ಚಲೋ ಇದ್ದವರದು, ಒಂದು ಹೇಗೋ ನಡೆಸಿಕೊಂಡು ಹೋಗುವವರದು, ಮತ್ತೊಂದು ಕಷ್ಟದಲ್ಲಿದ್ದವರದು. ಒಂದೊಂದು ಮನೆಯ ಹೆಸರು ಕೂಗಿ ಒಂದೊಂದು ಕಾಳು ಇಡುತ್ತಾ ಹೋಗಬೇಕು. ಎಲ್ಲರೂ ಒಪ್ಪಿದ ಮೇಲೆ ಇಟ್ಟ ಕಾಳನ್ನು, ಎಲ್ಲರೂ ಒಪ್ಪದೆ ತೆಗೆಯುವ ಹಾಗಿಲ್ಲ. ಈ ನಿಯಮವನ್ನು ನಾನು ಎಲ್ಲೆಲ್ಲೂ ಬಹಳ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇನೆ.

ಒಂದು ಭಾನುವಾರ ಮಧ್ಯಾಹ್ನ ಹೆಂಗಸರೆಲ್ಲ ನಲ್ಲಿಯ ಪಕ್ಕದ ಗೋಡಂಬಿ ಮರದ ಕೆಳಗೆ ಸೇರಿದರು. ರಂಗೋಲಿ ಅವರೇ ಹಾಕಿದರು, ನನ್ನ ವೃತ್ತಗಳನ್ನು ನೋಡಿ ನಗು ತಡೆಯಲಾರದೆ ನನ್ನ ಕೈಯಿಂದ ಪುಡಿ ಕಸಿದುಕೊಂಡರು. ಒಬ್ಬಳು ಸೆರಗಿನಲ್ಲಿ ಅಲಸಂದಿ ಕಾಳು ತಂದಳು. ಕಷ್ಟ ಅಂದರೆ ಏನು, ಮೊದಲು ಅದನ್ನು ನೀವೇ ಹೇಳಿ ಎಂದೆ. ಸೋರುವ ಮನೆ, ಕುಡಿಯುವ ಗಂಡ, ತಪ್ಪಿಹೋಗುವ ಕೂಲಿ, ಇವೇ ಬರುತ್ತವೆ ಎಂದು ನನಗೆ ಗೊತ್ತಿತ್ತು. ಎಲ್ಲಿ ಕೇಳಿದರೂ ಇವೇ ಬರುತ್ತಿದ್ದವು. ನಲ್ಲಿ ಮುಂದಿನವಳು ಅದನ್ನೆಲ್ಲ ಕೈಯಿಂದ ತಳ್ಳಿಹಾಕಿದಳು.

“ಸೋರೂದು ಎಲ್ಲಾರ ಮನೀನೂ ಸೋರ್ತಾವ್ರಿ. ಜಡ್ಡಾಗಿ ಬಿದ್ರ ಒಂದ ತಂಬಗಿ ನೀರ ಕೊಡಾವ್ರು ಯಾರದಾರ, ಅದನ್ನ ನೋಡ್ರಿ ಮೊದಲ.”

ಉಳಿದವರು ಹೌದೆಂದರು. ಆಗಲೇ ನನಗೆ ಅವರ ಪಾಳಿಯ ವಿಷಯ ತಿಳಿದದ್ದು. ವಸತಿಯ ತುದಿಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ವರ್ಷಗಟ್ಟಲೆ ಬೀಚಿನಲ್ಲಿ ಮಣಿಸರ, ಕಸೂತಿ ಚೀಲ ಮಾರಿದವಳು. ಈಗ ಎರಡೂ ಕಣ್ಣಿಗೆ ಪೊರೆ ಬಂದು ನೆರಳಷ್ಟೇ ಕಾಣುತ್ತಿತ್ತು, ಕರೆತಂದಿದ್ದ ಸಂಬಂಧಿಕರು ಬೇರೆ ಕೆಲಸ ಹುಡುಕಿಕೊಂಡು ಮಹಾರಾಷ್ಟ್ರದ ಕಡೆ ಹೋಗಿದ್ದರು. ಅವಳಿಗೆ ದಿನಕ್ಕೊಂದು ಮನೆಯಿಂದ ಪಾಳಿಯ ಮೇಲೆ ರೊಟ್ಟಿ ಪಲ್ಯ ಹೋಗುತ್ತಿತ್ತು. ಇದನ್ನು ಯಾರೂ ನನಗೆ ಮೊದಲು ಹೇಳಿರಲಿಲ್ಲ. ಅದರಲ್ಲಿ ಹೇಳುವಂಥದ್ದೇನಿದೆ ಎಂದು ಅವರಿಗೆ ಅನಿಸಿತ್ತು.

ಮುದುಕಿಯ ಕಾಳು ಎಲ್ಲಕ್ಕಿಂತ ಮೊದಲು ಕಷ್ಟದ ವೃತ್ತಕ್ಕೆ ಬಿತ್ತು. ಆಮೇಲೆ ಗದ್ದಲ ಶುರುವಾಯಿತು. ನಲ್ಲಿ ಮುಂದಿನವಳಿಗೂ ಅವಳ ಪಕ್ಕದ ಮನೆಯವಳಿಗೂ ನೀರಿನ ಕೊಡದ ವಿಷಯದಲ್ಲಿ ಯಾವುದೋ ಹಳೆಯ ಜಗಳವಿತ್ತು. ಆ ಸಿಟ್ಟಿಗೆ ಇವಳು ಅವಳ ಕಾಳನ್ನು ಚಲೋ ಇದ್ದವರ ವೃತ್ತದಲ್ಲಿ ಒಯ್ದು ಇಟ್ಟಳು. ಅವಳಿಗೆ ಎದುರು ಹೇಳಿ ಆ ಕಾಳನ್ನು ನಡುವಿನ ವೃತ್ತಕ್ಕೆ ಎಳೆದು ತರಲು ಉಳಿದವರಿಗೆ ಸಾಕುಬೇಕಾಯಿತು. ಇಂಥ ಎಳೆದಾಟ ನನಗೆ ಹಿಡಿಸುತ್ತಿತ್ತು. ನ್ಯಾಯ ಎಂಬುದು ಸುಮ್ಮನೆ ಕೂತಲ್ಲಿ ಹುಟ್ಟುವುದಿಲ್ಲ, ಸ್ವಲ್ಪ ಬಾಯಿ ನೋಯಬೇಕು.

ಎಲ್ಲ ಮುಗಿದ ಮೇಲೆ ಪದ್ಧತಿಯಂತೆ ಎಣಿಸಿದೆ. ಮನೆಗಳಿಗಿಂತ ಒಂದು ಕಾಳು ಹೆಚ್ಚಿತ್ತು. ಇನ್ನೊಮ್ಮೆ ಎಣಿಸಿದರೂ ಅಷ್ಟೇ. ಗಡಿಬಿಡಿಯಲ್ಲಿ ಯಾರದೋ ಮನೆಯನ್ನು ಎರಡು ಸಲ ಕೂಗಿದ್ದಾರೆ ಎಂದುಕೊಂಡು ಒಂದೊಂದೇ ಕಾಳು ಮುಟ್ಟಿ ಕೇಳುತ್ತಾ ಬಂದೆ. ಕಷ್ಟದ ವೃತ್ತದಲ್ಲಿ, ಮುದುಕಿಯ ಕಾಳಿನ ಪಕ್ಕದ ಕಾಳು ಮುಟ್ಟಿದೆ. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನಿಮ್ಮದ್ರಿ ಬಾಯಾರ,” ಅಂದಳು ನಲ್ಲಿ ಮುಂದಿನವಳು.

ನಾನು ಜೋರಾಗಿ ನಕ್ಕೆ. ಎಷ್ಟೋ ಊರುಗಳಲ್ಲಿ ಕಾಳು ಇಡಿಸಿದ್ದೇನೆ, ಅಳೆಯಲು ಬಂದವಳನ್ನೇ ಅಳತೆಗೆ ಹಾಕಿದವರನ್ನು ಅದುವರೆಗೆ ಕಂಡಿರಲಿಲ್ಲ. ನನ್ನನ್ನು ಸೇರಿಸುವ ಹಾಗಿಲ್ಲ ಎಂದು ತಿಳಿಸಿ ಹೇಳಿದೆ. ನಾನು ಇಲ್ಲಿಯವಳಲ್ಲ, ನನಗೆ ತಿಂಗಳ ಪಗಾರವಿದೆ, ಫೋಂಡಾದಲ್ಲಿ ಸಿಮೆಂಟಿನ ಮನೆಯಿದೆ, ಫ್ರಿಜ್ ಇದೆ, ಮುಂದೆ ಪಿಂಚಣಿಯೂ ಬರುತ್ತದೆ ಎಂದು ನನ್ನ ಐಶ್ವರ್ಯವನ್ನೆಲ್ಲ ಅಂಗಡಿಯವನ ಹಾಗೆ ಹರವಿ ತೋರಿಸಿದೆ. ಅವರು ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡರು.

“ಅದೆಲ್ಲಾ ಖರೇ ರೀ,” ಎಂದಳು ಅವಳು. “ಹ್ವಾದ ಮಳಿಗಾಲದಾಗ ಜ್ವರ ಬಂದು ಮಲಗಿದ್ರೆಲ್ಲಾ, ಯಾರ ಗಂಜಿ ಕಾಸಿ ಕೊಟ್ರು?”

ಮಳೆಗಾಲದಲ್ಲಿ ಕೆಲವು ವಾರ ನಾನು ಬಂದಿರಲಿಲ್ಲ. ವಾಪಸು ಬಂದಾಗ ಯಾಕೆ ಸೊರಗಿದ್ದೀರಿ ಎಂದು ಅವರು ಕೇಳಿದ್ದರು, ಜ್ವರ ಬಂದಿತ್ತು ಎಂದಿದ್ದೆ. ಅಡಿಗೆ ಯಾರು ಮಾಡಿದರು ಎಂದದ್ದಕ್ಕೆ, ಚಹಾದಲ್ಲಿ ಪಾವ್ ಅದ್ದಿಕೊಂಡು ತಿಂದೆ ಎಂದು ನಗಿಸಲೆಂದೇ ಹೇಳಿದ್ದೆ. ಹಾಗೆ ಹೇಳಿದ್ದು ನನಗೇ ಮರೆತುಹೋಗಿತ್ತು. ನಾನು ಅವರನ್ನು ಪ್ರಶ್ನೆ ಕೇಳುತ್ತಿದ್ದೇನೆ ಎಂದುಕೊಂಡ ಆ ಒಂದು ವರ್ಷವೆಲ್ಲ ಅವರೂ ಒಂದೊಂದಾಗಿ ನನ್ನನ್ನು ಕೇಳಿಕೊಂಡಿದ್ದರು, ಕೂಡಿಸಿಟ್ಟಿದ್ದರು.

ಆ ಕಾಳನ್ನು ತೆಗೆಯಿರಿ ಎಂದೆ. ದನಿ ಸ್ವಲ್ಪ ಏರಿಯೇ ಇತ್ತು. ಎಲ್ಲರೂ ಒಪ್ಪಿದರೆ ತೆಗೆಯಬಹುದು ಎಂದು ನೀವೇ ಹೇಳಿದ್ದೀರಲ್ಲ ಎಂದು ಅವರು ನೆನಪಿಸಿದರು. ಯಾರು ಒಪ್ಪುತ್ತೀರಿ ಎಂದು ಕೇಳಿದೆ. ಅದುವರೆಗೆ ಒಂದೊಂದು ಕಾಳಿಗೂ ಕಚ್ಚಾಡಿದವರು ಆಗ ಒಬ್ಬರೂ ಬಾಯಿ ಬಿಡಲಿಲ್ಲ. ಕೊಡದ ಜಗಳದ ಪಕ್ಕದ ಮನೆಯವಳು ಕೂಡ ನಲ್ಲಿ ಮುಂದಿನವಳ ಕಡೆಗೇ ಸೇರಿಕೊಂಡಳು. ಕಾಳು ಅಲ್ಲೇ ಉಳಿಯಿತು.

ಬಸ್ಸಿನಲ್ಲಿ ಫೋಂಡಾಕ್ಕೆ ಬರುವಾಗ ನನಗೆ ಸಿಟ್ಟು ಬಂದಿತ್ತು. ಸುಳ್ಳು ಯಾಕೆ ಹೇಳಲಿ, ಅವಮಾನವೇ ಆಗಿತ್ತು. ಬಡವರನ್ನು ಹುಡುಕುವುದರಲ್ಲೇ ತಲೆಕೂದಲು ಬೆಳ್ಳಗಾದವಳನ್ನು ಹುಡುಕಿ ಹಿಡಿದು ಮುದುಕಿಯ ಪಕ್ಕದಲ್ಲಿ ಕೂರಿಸಿದ್ದರು. ದೀಪದ ಬುಡದಲ್ಲಿ ಕತ್ತಲೆ ಎಂದು ನಾನೇ ಎಷ್ಟೋ ಭಾಷಣಗಳಲ್ಲಿ ಬೇರೆಯವರಿಗೆ ಹೇಳಿದ್ದೆ. ಬೋರಿ ಸೇತುವೆ ದಾಟುವಾಗ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಏನೂ ಕೇಳದೆ ಕಿಟಕಿಯ ಕಡೆ ಜಾಗ ಬಿಟ್ಟುಕೊಟ್ಟಳು.

ವರದಿಯಲ್ಲಿ ಅವರ ಮನೆಗಳಷ್ಟೇ ಬಂದವು. ಕಷ್ಟದ ವೃತ್ತದ ಮನೆಗಳಿಗೆ ಮಳೆ ಹಿಡಿಯುವ ಮೊದಲೇ ತಗಡು ಬಿತ್ತು, ಮುದುಕಿಯದು ಎಲ್ಲಕ್ಕಿಂತ ಮೊದಲು. ನನ್ನ ಕೆಲಸ ಮುಗಿಯಿತು. ಕಚೇರಿಯಲ್ಲಿ ಶಾಲು ಹೊದಿಸಿ, ತೆಂಗಿನಕಾಯಿ ಹಣ್ಣಿನ ಬುಟ್ಟಿ ಕೊಟ್ಟು, ನಾನಿಲ್ಲದೆ ಸಂಸ್ಥೆ ಹೇಗೆ ನಡೆಯುತ್ತದೋ ಎಂದರು. ಚೆನ್ನಾಗಿಯೇ ನಡೆಯುತ್ತಿದೆ.

ಆಮೇಲಿನ ತಿಂಗಳುಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ. ಬೆಳಿಗ್ಗೆ ಪಾವ್ ಮಾರುವವನ ಹಾರ್ನಿಗೆ ಎದ್ದು, ಇಳಿದು ಹೋಗಿ ಪಾವ್ ತಂದು, ಪೇಪರಿನ ಮೂಲೆ ಮೂಲೆ ಓದಿ ಮುಗಿಸುವಷ್ಟರಲ್ಲಿ ಇನ್ನೂ ಒಂಬತ್ತು ಗಂಟೆ. ಎಷ್ಟೋ ದಿನ ಪಾವ್‌ನವನ ಜೊತೆ ಆಡಿದ ಕೊಂಕಣಿಯ ಎರಡು ಮಾತೇ ಆ ದಿನದ ಪೂರ್ತಿ ಮಾತು. ಒಮ್ಮೆ ಕನ್ನಡ ಮಾತಾಡಬೇಕೆನಿಸಿ ಮಾರುಕಟ್ಟೆಯಲ್ಲಿ ಬೇಕಿಲ್ಲದಿದ್ದರೂ ನಮ್ಮ ಕಡೆಯ ಉಳ್ಳಾಗಡ್ಡಿ ವ್ಯಾಪಾರಿಯ ಹತ್ತಿರ ಹೋಗಿ ನಿಂತೆ. ಗಿರಾಕಿಗಳ ನಡುವೆ ಅವನಿಗೆ ಪುರಸೊತ್ತಿರಲಿಲ್ಲ. ಉಳ್ಳಾಗಡ್ಡಿ ಮೊಳಕೆ ಒಡೆಯುವ ತನಕ ಅಡಿಗೆಮನೆಯಲ್ಲಿ ಬಿದ್ದಿತ್ತು. ಭಯಪಟ್ಟದ್ದು ಹೇಗಿರುತ್ತದೆ ಎಂದು ಗೊತ್ತಾಯಿತು. ಅದು ಸಂಕಟವೂ ಅಲ್ಲ, ಬರೀ ಉದ್ದ.

ಕೊರ್ತಾಲಿಮ್‌ಗೆ ಹೋಗಬೇಕೆಂದು ಆಗಾಗ ಅನಿಸುತ್ತಿತ್ತು. ಆದರೆ ಅಧ್ಯಯನ ಮುಗಿದ ಮೇಲೆ ಸುಮ್ಮನೆ ಹೋಗಿ ಜನರಲ್ಲಿ ಏನಾದರೂ ಬರುತ್ತದೆ ಎಂಬ ಆಸೆ ಹುಟ್ಟಿಸಬಾರದು ಎಂಬುದು ನಮ್ಮ ಕಸುಬಿನ ಶಿಸ್ತು. ಆ ಶಿಸ್ತಿನ ಹಿಂದೆ ಅಡಗಿ ಕೂತುಕೊಂಡೆ. ನಿಜ ಹೇಳಬೇಕೆಂದರೆ, ಯಾಕೆ ಬಂದಿರಿ ಎಂದು ಕೇಳಿದರೆ ಏನು ಹೇಳಲಿ ಎಂಬುದೇ ನನಗೆ ದೊಡ್ಡ ಪ್ರಶ್ನೆಯಾಗಿತ್ತು. ಕೊನೆಗೆ ಮಳೆ ಹೊಳವು ಕೊಟ್ಟ ಒಂದು ಭಾನುವಾರ, ಚಾವಣಿಗಳು ಹೇಗಿವೆ ನೋಡಿ ಬರುತ್ತೇನೆ ಎಂದು ನನಗೆ ನಾನೇ ಒಂದು ನೆಪ ಹೇಳಿಕೊಂಡು ವಾಸ್ಕೋ ಬಸ್ಸು ಹತ್ತಿದೆ. ಹೆಗಲಿಗೆ ಸಮೀಕ್ಷೆಯ ಕಾಗದಗಳ ಚೀಲವಿಲ್ಲದೆ ಆ ಇಳಿಜಾರು ಇಳಿದದ್ದು ಅದೇ ಮೊದಲು. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ನಲ್ಲಿಯಲ್ಲಿ ನೀರು ಬರುತ್ತಿತ್ತು. ನಲ್ಲಿ ಮುಂದಿನವಳು ಕೊಡ ಇಟ್ಟು ನೋಡಿದಳು, ನಾನು ಚಾವಣಿಯ ಮಾತು ತೆಗೆಯುವ ಮೊದಲೇ ಸೊಂಟಕ್ಕೆ ಕೈ ಕೊಟ್ಟಳು.

“ಎರಡ ಪಾಳಿ ತಪ್ಪಿಸೀರಿ ಬಾಯಾರ. ಎರಡೂ ಸಲ ನಮ್ಮ ಮನಿಯಿಂದ ತುಂಬೇನಿ.”

ಯಾವ ಪಾಳಿ ಎಂದೆ. ನನಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಮುದುಕಿಯ ರೊಟ್ಟಿಯ ಪಾಳಿ ಎಂದಳು. ವಸತಿಯ ಕಾಳುಗಳಲ್ಲಿ ನನ್ನದೂ ಒಂದು ಎಂದಾದ ಮೇಲೆ ನನ್ನ ಮನೆಗೂ ಪಾಳಿ ಬಂತು, ಬರದೆ ಎಲ್ಲಿ ಹೋಗುತ್ತದೆ ಎಂದು ಕೇಳಿದಳು. ನಾನು ಕಷ್ಟದ ವೃತ್ತದವಳಲ್ಲವೇ, ನನಗೆಂಥ ಪಾಳಿ ಎಂದು ತಮಾಷೆ ಮಾಡಲು ನೋಡಿದೆ. ಅವಳಿಗೆ ಅದು ತಮಾಷೆಯಾಗಿ ಕೇಳಲಿಲ್ಲ. ಮುದುಕಿಗೂ ಪಾಳಿ ಇದೆ, ಕೆಲಸಕ್ಕೆ ಹೋಗುವವರ ಕೂಸುಗಳನ್ನು ಅವಳು ಮಡಿಲಲ್ಲಿ ಹಾಕಿಕೊಂಡು ಕಾಯುತ್ತಾಳೆ, ಕಷ್ಟ ಬಂತೆಂದು ಯಾರನ್ನೂ ಪಾಳಿಯಿಂದ ಬಿಡುವುದಿಲ್ಲ ಎಂದು ಹೇಳಿದಳು. ಬುಧವಾರ ನಿಮ್ಮದು, ಮರೆಯಬೇಡಿ ಎಂದು ಹೇಳಿ ಕೊಡ ಎತ್ತಿಕೊಂಡು ಹೋದಳು. ಯಾಕೆ ಬಂದಿರಿ ಎಂದು ಅವಳು ಕೇಳಲೇ ಇಲ್ಲ.

ನಾನು ಫೋಂಡಾದ ಬಾಗಿಲು ಹಾಕಿಕೊಂಡು ಯಾರಿಗೂ ಬೇಡವಾದೆ ಎಂದು ಕೂತಿದ್ದ ದಿನಗಳಲ್ಲಿ ನನ್ನ ಪಾಳಿ ಎರಡು ಸಲ ಬಂದು ಹೋಗಿತ್ತು. ಇಲ್ಲೊಂದು ಕಡೆ ನನ್ನ ಗೈರುಹಾಜರಿ ಲೆಕ್ಕಕ್ಕೆ ಬಂದಿತ್ತು. ಬಸ್ ಸ್ಟಾಪಿನಲ್ಲಿ ನಿಂತು ಇದನ್ನೇ ನೆನೆಸಿ ನೆನೆಸಿ ಎರಡು ಬಸ್ಸು ಬಿಟ್ಟೆ.

ಬುಧವಾರ ಬೆಳಿಗ್ಗೆ ಎದ್ದು ಜೋಳದ ಹಿಟ್ಟು ನಾದಿದೆ. ನಾನು ಧಾರವಾಡದವಳು ಎಂದು ಹೇಳಿಕೊಳ್ಳುವವಳೇ ಹೊರತು ರೊಟ್ಟಿ ಬಡಿಯದೆ ಎಷ್ಟೋ ವರ್ಷಗಳಾಗಿದ್ದವು. ಮೊದಲನೆಯದು ಹರಿಯಿತು, ಎರಡನೆಯದು ಹೆಂಚಿಗೆ ಹತ್ತಿತು. ತಟ್ ತಟ್ ಸದ್ದಿಗೆ ಮನೆಯ ಒಡತಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು ನೋಡಿದರು. ಯಾರು ಬರುತ್ತಿದ್ದಾರೆ ಎಂದು ಕೇಳಿದರು, ಯಾರೂ ಇಲ್ಲ, ನಾನೇ ಹೋಗುತ್ತಿದ್ದೇನೆ ಎಂದೆ. ಬದನೆಕಾಯಿ ಪಲ್ಯವನ್ನು ಡಬ್ಬಿಗೆ ಹಾಕಿ, ರೊಟ್ಟಿಗಳನ್ನು ಹಳೆಯ ಮೆತ್ತನೆ ಸೀರೆಯ ತುಂಡಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ.

ಮುದುಕಿ ಹೊಸ ತಗಡಿನ ಕೆಳಗೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ನಾನು ಒಳಗೆ ಕಾಲಿಟ್ಟಾಗ ಬೆಳಕು ಸರಿದದ್ದು ಗೊತ್ತಾಗಿ ಮುಖ ತಿರುಗಿಸಿದಳು.

“ಇವತ್ತ ಯಾರ ಮನಿ ಪಾಳಿವ್ವಾ?”

ಇಷ್ಟು ವರ್ಷ ಬಾಗಿಲಲ್ಲಿ ನಿಂತಾಗಲೆಲ್ಲ ಸಂಸ್ಥೆಯ ಹೆಸರು ಹೇಳಿ ಒಳಗೆ ಹೋಗಿದ್ದೆ. ಆ ಹೆಸರು ಈಗ ನನ್ನದಲ್ಲ. “ನಮ್ಮ ಮನೀದ್ರಿ,” ಎಂದೆ.

ಅವಳಿಗೆ ದನಿ ಗುರುತು ಹತ್ತಲಿಲ್ಲ. ಹೊಸದಾಗಿ ಬಂದವರು ಎಂದುಕೊಂಡಳೇನೋ. ಸೀರೆಯ ತುಂಡನ್ನು ಬೆರಳಿನಿಂದ ಮುಟ್ಟಿ ನೋಡಿ, ಗಂಟು ಬಿಚ್ಚುತ್ತಾ ಕೇಳಿದಳು.

“ನಿಮ್ಮ ಮನ್ಯಾಗ ಎಷ್ಟ ಮಂದಿ ಅದೀರಿ?”

ನಮ್ಮ ಸಮೀಕ್ಷೆಗಳೆಲ್ಲ ಆ ಪ್ರಶ್ನೆಯಿಂದಲೇ ಶುರುವಾಗುತ್ತವೆ. ಸಾವಿರ ಬಾಗಿಲುಗಳಲ್ಲಿ ನಾನು ಅದನ್ನು ಕೇಳಿದ್ದೇನೆ, ಉತ್ತರ ಬರುವ ಮೊದಲೇ ಮುಂದಿನ ಪ್ರಶ್ನೆಗೆ ಕಣ್ಣು ಹಾಯಿಸಿದ್ದೇನೆ. ನನ್ನನ್ನು ಯಾರೂ ಕೇಳಿರಲಿಲ್ಲ. ಹೊರಗೆ ನಲ್ಲಿ ತೊಟ್ಟಿಕ್ಕುತ್ತಿತ್ತು, ಯಾವುದೋ ಕೂಸು ಅಳುತ್ತಿತ್ತು.

“ನಾ ಒಬ್ಬಾಕಿನ ಅದೀನ್ರಿ.”

ಮುದುಕಿ ತಲೆ ಆಡಿಸಿದಳು. ಅಯ್ಯೋ ಎನ್ನಲಿಲ್ಲ. ರೊಟ್ಟಿಗಳ ಅಂಚನ್ನು ತಡವಿ ನೋಡಿ ಅರ್ಧದಷ್ಟನ್ನು ತೆಗೆದು ಬಟ್ಟೆಯ ಆಚೆ ಬದಿಗೆ, ನನ್ನ ಕಡೆಗೆ ಸರಿಸಿದಳು. ಹಂಗಾದರೆ ಇಲ್ಲೇ ಕೂಡು, ಒಬ್ಬಳೇ ಹೋಗಿ ಅಲ್ಲಿ ಏನು ಉಣ್ಣುತ್ತೀ ಎಂದಳು. ಅಧ್ಯಯನಕ್ಕೆ ಹೋದ ಮನೆಯಲ್ಲಿ ಚಹಾದ ಆಚೆಗೆ ಏನನ್ನೂ ಮುಟ್ಟಬಾರದು ಎಂಬುದು ನಮ್ಮ ನಿಯಮ. ನಾನು ಚಪ್ಪಲಿ ಬಿಟ್ಟು ಅವಳ ಎದುರು ನೆಲದ ಮೇಲೆ ಕೂತೆ. ರೊಟ್ಟಿ ಗಟ್ಟಿಯಾಗಿತ್ತು. ಪಲ್ಯ ಬಾಯಿಗಿಟ್ಟಾಗ ಉಪ್ಪು ಎರಡು ಸಲ ಹಾಕಿದ್ದು ತಿಳಿಯಿತು. ಇಬ್ಬರೂ ಪೂರ್ತಿ ಉಂಡೆವು.

ಕೈ ತೊಳೆಯಲು ನಾನು ತಂಬಿಗೆ ಎತ್ತಿ ನೀರು ಹಾಕಿದೆ. ಮುದುಕಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಮುಂದಿನ ಪಾಳಿಗೆ ಉಪ್ಪ ಸ್ವಲ್ಪ ಕಡಿಮಿ ಹಾಕವ್ವಾ,” ಎಂದಳು.